ತಪ್ಪು ಎಣಿಕೆಯನ್ನೂ ಬರೆದು ಕಳಿಸಿದವರಿಗೆ

ಅಡ್ಡಾದಿಡ್ಡಿಯಾಗಿ ಬರುವ 0, 1ಗಳ ಸಾಲಿನಿಂದ ಲೆಕ್ಕ ಮಾಡುವ ಸ್ಟೊಕ್ಯಾಸ್ಟಿಕ್ ಕಂಪ್ಯೂಟಿಂಗ್‌ನ ನಮ್ಮ ಮೊದಲ ಕನ್ನಡ ತರಗತಿ ಮುಗಿಯಿತು. ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ಬದಲಿಸಬಹುದಾದ ಎಫ್‌ಪಿಜಿಎ ಚಿಪ್ಪಿನ ಬೋರ್ಡು ಕಾಸರಗೋಡು ಪೇಟೆಯ ಕೋಣೆಯೊಂದರಲ್ಲಿ, ಕಲಿಯುವವರು ಬದಿಯಡ್ಕ, ಮುಳ್ಳೇರಿಯ, ಪೈವಳಿಕೆಯ ಮನೆಗಳಲ್ಲಿ. ಆಟಿಯ ಮಳೆಯಲ್ಲೂ ಇದು ನಿಲ್ಲದೆ ನಡೆದದ್ದು ಹಲವರ ಉಪಕಾರದಿಂದ.

ಮೊದಲ ವಂದನೆ ಮಕ್ಕಳಿಗೆ. ಇಲ್ಲಿ ಸಂಖ್ಯೆ ಎಂದರೆ ಬಿಟ್‌ಗಳ ಸಾಲಿನಲ್ಲಿ 1ರ ಪಾಲು. ಎರಡು ಸಾಲುಗಳನ್ನು ಎರಡೂ 1 ಆದಾಗ ಮಾತ್ರ 1 ಕೊಡುವ ಒಂದೇ ಆಂಡ್ ಗೇಟಿಗೆ ಕೊಟ್ಟರೆ ಗುಣಾಕಾರ. ಆದರೆ 0.5ನ್ನು 0.5ರಿಂದ ಗುಣಿಸಿ 0.25ರ ಬದಲು 0.5 ಬಂದಾಗ ಅವರು ಅದನ್ನು ಅಳಿಸದೆ ಹಾಗೇ ಕಳಿಸಿದರು. ಸಾಲಿನ ಪ್ರತಿ ಬಿಟ್, ಎಲ್‌ಎಫ್‌ಎಸ್‌ಆರ್ ಕೊಡುವ ಸಂಖ್ಯೆಯನ್ನು ಒಂದು ಮಿತಿಗೆ ಹೋಲಿಸಿದಾಗ ಸಿಗುತ್ತದೆ; ಎಲ್‌ಎಫ್‌ಎಸ್‌ಆರ್ ಎಂದರೆ ಬಿಟ್‌ಗಳನ್ನು ಸರಿಸುತ್ತ ಹೊಸ ಹೊಸ ಸಂಖ್ಯೆ ಕೊಡುವ ಸರ್ಕ್ಯೂಟು. ಎರಡೂ ಎಲ್‌ಎಫ್‌ಎಸ್‌ಆರ್‌ಗಳಿಗೆ ಒಂದೇ ಟ್ಯಾಪ್ (ಮುಂದಿನ ಬಿಟ್ ಮಾಡಲು ಆರಿಸಿದ ಸ್ಥಾನಗಳು), ಒಂದೇ ಸೀಡ್ (ಆರಂಭದ ಸಂಖ್ಯೆ) ಇತ್ತು. ಆಗ ಸಾಲುಗಳು ಒಂದರ ಮೇಲೊಂದು ಕೂರುತ್ತವೆ, ಗೇಟು ಗುಣಿಸುವುದಿಲ್ಲ, ಚಿಕ್ಕದನ್ನು ಆರಿಸುತ್ತದೆ. ಸೀಡ್ 0 ಕೊಟ್ಟವರ ಸಾಲು ಕದಲಲೇ ಇಲ್ಲ. ಟ್ಯಾಪ್‌ಗಳ ಬಿಟ್‌ಗಳನ್ನು ಎಕ್ಸಾರ್ ಮಾಡಿ (1ಗಳ ಎಣಿಕೆ ಬೆಸವಾದರೆ 1, ಇಲ್ಲವಾದರೆ 0) ಮತ್ತೆ ಒಳಗೆ ಕೊಡುವುದರಿಂದ 0 ಎಂದೂ 0 ಆಗಿಯೇ ಉಳಿಯುತ್ತದೆ.

ಪರಿಹಾರವೂ ಅವರ ಪ್ರಶ್ನೆಗಳಿಂದಲೇ ಹುಟ್ಟಿತು. ಒಂದು ಎಲ್‌ಎಫ್‌ಎಸ್‌ಆರ್ 8 ಬಿಟ್‌ನದು, ಟ್ಯಾಪ್ 8, 6, 5, 4; ಇನ್ನೊಂದು 7 ಬಿಟ್‌ನದು, ಟ್ಯಾಪ್ 7, 6. ಅವು ಮರುಕಳಿಸುವ ಸುತ್ತು 255 ಮತ್ತು 127, 1 ಬಿಟ್ಟು ಸಾಮಾನ್ಯ ಅಪವರ್ತನ ಇಲ್ಲ. 255 × 127, ಅಂದರೆ 32,385 ಕ್ಲಾಕ್ ಓಡಿಸಿದರೆ ಎರಡರ ಸಂಖ್ಯೆಗಳ ಪ್ರತಿ ಜೋಡಿಯೂ ಒಮ್ಮೆ ಮಾತ್ರ ಬರುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ ಇದು 0.33 ಮಿಲಿಸೆಕೆಂಡಿಗೂ ಕಡಿಮೆ. ಹೋಲಿಕೆಯ ಮಿತಿ 128 ಮತ್ತು 64 ಇಟ್ಟು, ಅದಕ್ಕೆ ಸಮವಾದ ಇಲ್ಲವೇ ಕಡಿಮೆಯಾದ ಸಂಖ್ಯೆಗೆ 1 ಬರುವಂತೆ ಮಾಡಿ: ಗೇಟಿನಿಂದ ಬರುವ 1ರ ಎಣಿಕೆ ಸರಿಯಾಗಿ 128 × 64 = 8,192 ಆಗಲೇಬೇಕು. ಕೌಂಟರ್ 15 ಬಿಟ್ ಇರಲಿ. 8 ಬಿಟ್ ಇಟ್ಟರೆ ಪ್ರತಿ 256ಕ್ಕೂ 0ಕ್ಕೆ ಮರಳಿ, ಕೊನೆಗೆ 0 ಕಾಣುತ್ತದೆ, ಸರ್ಕ್ಯೂಟನ್ನು ಸುಮ್ಮನೆ ಅನುಮಾನಿಸಬೇಕಾಗುತ್ತದೆ.

ಕೋಣೆ ಬಿಟ್ಟುಕೊಟ್ಟ ಮನೆಯವರಿಗೆ, ಮಲಯಾಳದಲ್ಲಿ ವಿವರಿಸುತ್ತಲೇ ಅರ್ಥಿಂಗ್ ಸರಿಪಡಿಸಿದ ಎಲೆಕ್ಟ್ರಿಷಿಯನ್ ಅಣ್ಣನಿಗೆ ನಾವು ಋಣಿ. ಕರೆಂಟು ಹೋದರೆ ಎಫ್‌ಪಿಜಿಎಯ ಒಳರಚನೆ ಅಳಿಸಿಹೋಗುತ್ತದೆ. ಮೂಲ ವಿನ್ಯಾಸವನ್ನು ಕರೆಂಟು ಹೋದರೂ ಅಳಿಯದ ಬೋರ್ಡಿನ ಫ್ಲ್ಯಾಶ್ ಮೆಮೊರಿಗೆ ಬರೆದು, ಎಲ್ಲಿಂದ ಓದಬೇಕೆಂದು ತೋರಿಸುವ ಜಂಪರನ್ನು ಅದರ ಕಡೆಗೆ ಹಾಕಿದ ಮೇಲೆ ಕರೆಂಟು ಬಂದೊಡನೆ ತಾನೇ ಎದ್ದು ನಿಲ್ಲತೊಡಗಿತು. ಮಿತಿಗಳನ್ನು ಸೀರಿಯಲ್ ಸಂಪರ್ಕದ ಮೂಲಕ ಎರಡು ಬೈಟಿನಲ್ಲಿ ಕಳಿಸುವಂತೆ ಮಾಡಿದ ಅಕ್ಕನಿಂದಾಗಿ ಪ್ರತಿ ಬದಲಾವಣೆಗೂ ಎರಡು ಮೆಗಾಬೈಟ್ ಫೈಲು ಏರಿಸುವ ಪಾಡು ತಪ್ಪಿತು. ಗುಡ್ಡದ ಮರೆಯ ಮನೆಗಳ ನೆಟ್‌ವರ್ಕಿಗೆ ಅದು ದೊಡ್ಡ ಉಪಕಾರ.

ಮುಂದಿನ ತಂಡ ಮಕ್ಸ್‌ನಿಂದ (ಎರಡು ಸಾಲುಗಳಲ್ಲಿ ಒಂದನ್ನು ಆರಿಸಿ ಕೊಡುವ ಸರ್ಕ್ಯೂಟು) ಕೂಡಿಸಲಿದೆ. ಅದರ ಆಯ್ಕೆಯ ತಂತಿಗೂ ಬೇರೆಯೇ ಎಲ್‌ಎಫ್‌ಎಸ್‌ಆರ್ ಬೇಕು. ಬರುವುದು ಮೊತ್ತದ ಅರ್ಧ. ತಪ್ಪಾಗಿ ಬಂದ ಎಣಿಕೆಗಳನ್ನು ಆಗಲೂ ಕಳಿಸಿ.