ಸೋಲ್ಡರಿಂಗ್ ತೋರಿಸುವವರು ಬಹಳ, ದೋಷ ಹುಡುಕುವುದನ್ನು ಕಲಿಸುವವರು ಯಾರು?

ಸಂಪಾದಕರೇ,

ಹವ್ಯಾಸಗಳ ಬಗ್ಗೆ ಪತ್ರಿಕೆಗಳು ಬರೆಯುವಾಗ ತೋಟ, ಚಿತ್ರಕಲೆ, ಫೋಟೋಗ್ರಫಿ ಎಲ್ಲ ಬರುತ್ತವೆ. ಮನೆಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು, ಕೆಟ್ಟುಹೋದ ಸಾಮಾನು ಬಿಚ್ಚಿ ರಿಪೇರಿ ಮಾಡುತ್ತಾ ಕೂರುವವರ ಬಗ್ಗೆ ಬರೆಯುವುದು ತೀರಾ ಕಡಿಮೆ. ಹಾಗಾಗಿ ಹೊಸದಾಗಿ ಕಲಿಯುವವರಿಗೆ ಒಂದೊಂದು ನಿಮಿಷದ ವಿಡಿಯೋಗಳೇ ಗುರು. ನನ್ನ ತಕರಾರು ಇರುವುದು ಅಲ್ಲೇ.

ಎಲ್‌ಇಡಿ ಬಲ್ಬಿನ ವಿಡಿಯೋವನ್ನೇ ತೆಗೆದುಕೊಳ್ಳಿ. ಬಲ್ಬಿನ ಮುಚ್ಚಳ ತೆಗೆ, ಒಳಗಿನ ಪುಟ್ಟ ದೀಪಗಳಲ್ಲಿ, ಅಂದರೆ ಎಲ್‌ಇಡಿಗಳಲ್ಲಿ, ಕಪ್ಪು ಚುಕ್ಕೆ ಬಿದ್ದದ್ದನ್ನು ಹುಡುಕು, ಅದರ ಎರಡೂ ತುದಿ ಸೇರುವ ಹಾಗೆ ಒಂದು ಹನಿ ಸೋಲ್ಡರ್ (ಬೆಸುಗೆಯ ಲೋಹ) ಹಾಕು, ಬಲ್ಬ್ ರೆಡಿ! ಹೊತ್ತಿಕೊಳ್ಳುತ್ತದೆ, ಸುಳ್ಳಲ್ಲ. ಇಂಥ ಬಲ್ಬ್‌ಗಳಲ್ಲಿ ಎಲ್‌ಇಡಿಗಳನ್ನು ಸಾಮಾನ್ಯವಾಗಿ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ, ಒಂದು ಸತ್ತರೆ ಎಲ್ಲವೂ ಆರುತ್ತವೆ, ಆ ಜಾಗ ಮುಚ್ಚಿದರೆ ಉಳಿದವು ಮತ್ತೆ ಉರಿಯುತ್ತವೆ. ಆದರೆ ಅದು ಸತ್ತಿದ್ದು ಯಾಕೆ ಅಂತ ಯಾರೂ ಕೇಳುವುದಿಲ್ಲ. ಹೆಚ್ಚಾಗಿ ಬಿಸಿಯಿಂದ. ಪಕ್ಕದವೂ ಅದೇ ಬಿಸಿಯಲ್ಲಿ ಅಷ್ಟೇ ದಿನ ಬೆಂದಿವೆ, ಮುಂದಿನ ಸರದಿ ಅವುಗಳದ್ದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎಷ್ಟೋ ಬಲ್ಬ್‌ಗಳ ಒಳಗಿನ ಬೋರ್ಡಿಗೂ ಮನೆಯ ಮೇನ್ಸ್ ಕರೆಂಟಿಗೂ ನಡುವೆ ಯಾವ ತಡೆಯೂ ಇರುವುದಿಲ್ಲ, ಮುಚ್ಚಳ ಇಲ್ಲದ ಬಲ್ಬನ್ನು ಹೋಲ್ಡರಿಗೆ ಹಾಕಿ ಸ್ವಿಚ್ ಒತ್ತಿದರೆ ಬೋರ್ಡಿನ ಮೇಲಿರುವುದು ಮುಟ್ಟಿದರೆ ಹೊಡೆಯುವ ವಿದ್ಯುತ್ತು. ವಿಡಿಯೋದಲ್ಲಿ ಆ ಮಾತೇ ಇಲ್ಲ.

ಈ ಹವ್ಯಾಸದಲ್ಲಿ ಬೆಸುಗೆ ಹಾಕುವುದು ಕೊನೆಯ ಎರಡು ನಿಮಿಷದ ಕೆಲಸ. ನಿಜವಾದ ಮಜಾ ಇರುವುದು ಹುಡುಕುವುದರಲ್ಲಿ. ಮೊದಲು ಕಣ್ಣು, ಆಮೇಲೆ ಮೂಗು, ಆಮೇಲೆ ವಿದ್ಯುತ್ತನ್ನು ಅಳೆಯುವ ಮಲ್ಟಿಮೀಟರ್. ವೈರ್ ಹೆಚ್ಚಾಗಿ ತುಂಡಾಗುವುದು ನಡುವೆ ಅಲ್ಲ, ಪ್ಲಗ್ಗಿನ ಬುಡದಲ್ಲಿ, ಬಾಗುವ ಕಡೆ. ಮೀಟರನ್ನು ಬೀಪ್ ಬರುವ ಗುರುತಿಗೆ ತಿರುಗಿಸಿ, ಅದರ ಎರಡು ಕಡ್ಡಿಗಳನ್ನು ವೈರಿನ ಎರಡು ತುದಿಗೆ ತಾಗಿಸಿ ವೈರ್ ಅಲ್ಲಾಡಿಸಿದರೆ ಶಬ್ದ ಬಂದು ಹೋಗುತ್ತದೆ, ಸಿಕ್ಕಿಬಿತ್ತು. ಬೋರ್ಡಿನ ಮೇಲೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಪುಟ್ಟ ಡಬ್ಬಿಯಂಥ ಭಾಗ ಕೆಪಾಸಿಟರ್. ಅದರ ತಲೆ ಸಪಾಟಾಗಿರಬೇಕು, ಉಬ್ಬಿದ್ದರೆ ಅದರ ಕಥೆ ಮುಗಿಯಿತು. ದಿನಾ ಚುಚ್ಚಿ ಎಳೆಯುವ ಸಾಕೆಟ್‌ಗಳ ಲೋಹದ ಕಾಲಿನ ಸುತ್ತ ಕೂದಲೆಳೆಯಂಥ ಉಂಗುರ ಕಂಡರೆ ಅದು ಡ್ರೈ ಸೋಲ್ಡರ್, ಅಂದರೆ ಹಿಡಿತ ಬಿಟ್ಟ ಬೆಸುಗೆ. ಭೂತಗನ್ನಡಿ ಇಲ್ಲದೆ ಇದು ಕಾಣುವುದೂ ಕಷ್ಟ. ತಟ್ಟಿದರೆ ನಡೆಯುತ್ತೆ, ಬಿಟ್ಟರೆ ನಿಲ್ಲುತ್ತೆ ಅನ್ನುವ ಸಾಮಾನುಗಳಲ್ಲಿ ಬಹಳಷ್ಟು ಸಲ ಇಂಥದ್ದೇ ರೋಗ.

ಬೆಸುಗೆಯ ಬಗ್ಗೆಯೂ ಅರ್ಧ ಮಾತೇ ಹೇಳುತ್ತಾರೆ. 63 ಪಾಲು ತವರ, 37 ಪಾಲು ಸೀಸ ಇರುವ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಆದರೂ ಬೆಸುಗೆ ಹಾಕುವ ಐರನ್ನಿನ ತುದಿ 320-350 ಡಿಗ್ರಿ ಇರಬೇಕು. ಯಾಕೆಂದರೆ ಬೋರ್ಡಿನ ತಾಮ್ರ ಬಿಸಿಯನ್ನು ಎಳೆದುಕೊಳ್ಳುತ್ತದೆ. ಐರನ್ನಿನಿಂದ ಬಿಡಿಭಾಗದ ಕಾಲು ಮತ್ತು ಬೋರ್ಡಿನ ತಾಮ್ರ ಎರಡನ್ನೂ ಒಟ್ಟಿಗೆ ಕಾಯಿಸಿ, ಸೋಲ್ಡರನ್ನು ಅವುಗಳಿಗೆ ತಾಗಿಸಬೇಕು. ಐರನ್ ಮೇಲೆ ಕರಗಿಸಿ ತಂದು ಮೆತ್ತಿದರೆ ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ದಾರಿಯಲ್ಲೇ ಸುಟ್ಟುಹೋಗಿರುತ್ತದೆ, ಹಿಡಿಯುವುದಿಲ್ಲ. ಈಗಿನ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಇರುವುದು ಸೀಸ ಇಲ್ಲದ ಸೋಲ್ಡರ್. ಅದು ಕರಗಲು ಸುಮಾರು 217 ಡಿಗ್ರಿ ಬೇಕು, ಹೊಸಬರು ಕರಗಲಿಲ್ಲ ಅಂತ ಸುಮ್ನೆ ಒತ್ತಿ ತಾಮ್ರವನ್ನೇ ಕಿತ್ತುಬಿಡುತ್ತಾರೆ. ಅದರ ಮೇಲೆ ಸ್ವಲ್ಪ ಸೀಸದ ಸೋಲ್ಡರ್ ಬೆರೆಸಿದರೆ ಸಲೀಸಾಗಿ ಬಿಡುತ್ತದೆ. ಅಂದಹಾಗೆ, ಏಳುವ ಹೊಗೆ ಸೀಸದ್ದಲ್ಲ, ಫ್ಲಕ್ಸ್‌ನಲ್ಲಿರುವ ರಾಳದ್ದು. ಅದೂ ಶ್ವಾಸಕ್ಕೆ ಒಳ್ಳೆಯದಲ್ಲ, ಗಾಳಿ ಆಡುವ ಕಡೆ ಕೂರಬೇಕು. ಸೀಸ ಒಳಗೆ ಹೋಗುವುದು ಜಾಸ್ತಿ ಕೈಯಿಂದ ಬಾಯಿಗೆ, ಕೆಲಸ ಮುಗಿಸಿ ಎದ್ದ ಕೂಡಲೇ ಸೋಪು ಹಾಕಿ ಕೈ ತೊಳೆದರೆ ಆಯಿತು.

ಎಲ್ಲಿ ಕೈ ಹಾಕಬಾರದು ಅನ್ನುವುದನ್ನಂತೂ ಯಾರೂ ಹೇಳುವುದಿಲ್ಲ, ಅದಕ್ಕೆ ಲೈಕ್ ಬರುವುದಿಲ್ಲ ಅಲ್ವಾ. ಮೈಕ್ರೋವೇವ್ ಓವನ್ನಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಹಿಡಿದುಕೊಂಡು ಕೂತಿರಬಹುದು. 230 ವೋಲ್ಟ್‌ನ ಪವರ್ ಸಪ್ಲೈ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚುವುದು, ಒತ್ತುವುದು ಬೇಡವೇ ಬೇಡ.

ಆದ್ದರಿಂದ ನನ್ನ ಬೇಡಿಕೆ: ವಾರಕ್ಕೊಮ್ಮೆ ಅರ್ಧ ಕಾಲಂ ಜಾಗ ಕೊಡಿ. ಕೆಲಸ ಗೊತ್ತಿರುವವರಿಂದ ಬರೆಸಿ. ಒಂದು ಸಾಮಾನು, ಅದರ ಒಂದು ರೋಗ, ಅದನ್ನು ಹುಡುಕಿದ ಬಗೆ, ಸರಿಹೋಗದಿದ್ದರೆ ಅದೂ ಬರಲಿ. ಮೊದಲ ಕಂತಿಗೆ ಟಿವಿ ರಿಮೋಟ್ ಆಗಬಹುದು. ಎರಡು ಸಣ್ಣ ಸೆಲ್‌ನಿಂದ ನಡೆಯುತ್ತದೆ, ಶಾಕ್ ಹೊಡೆಯುವುದಿಲ್ಲ. ಅದರ ತುದಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ತೋರಿಸಿ ಬಟನ್ ಒತ್ತಿದರೆ ಬರಿಗಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ಮಿನುಗುತ್ತದೆ (ಕೆಲವು ಕ್ಯಾಮೆರಾಗಳಲ್ಲಿ ಕಾಣುವುದಿಲ್ಲ, ಸೆಲ್ಫಿ ಕ್ಯಾಮೆರಾದಲ್ಲೂ ಒಮ್ಮೆ ನೋಡಿ). ಯಾವ ಬಟನ್‌ಗೂ ಮಿನುಗದಿದ್ದರೆ ಮೊದಲು ಸೆಲ್ ಕೂರುವ ಸ್ಪ್ರಿಂಗ್ ನೋಡಬೇಕು, ಬಿಳಿ ಹಿಟ್ಟು ಕಟ್ಟಿದೆಯಾ ಅಂತ.

– ಒಬ್ಬ ಓದುಗ