ಉದ್ದರಿ ಪುಟ

ಬಳ್ಳಾರಿ
ಭಾನುವಾರ, ಮಧ್ಯಾಹ್ನ

ನನ್ನವ್ವಾ,

ಇತ್ತ ನಾವೆಲ್ಲ ಕ್ಷೇಮ, ನಿನ್ನ ಕ್ಷೇಮ ಸಮಾಚಾರಕ್ಕೆ ಕಾಗದ ಬರೆ ಎಂದು ಶುರು ಮಾಡುವುದು ನಮ್ಮ ಕಾಲದ ಪದ್ಧತಿ. ನೀನು ಡ್ಯೂಟಿಗೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಫೋನ್ ಮಾಡುವವಳು. ನಿನ್ನ ಕ್ಷೇಮ ನನಗೆ ಗೊತ್ತು, ನನ್ನ ಮಂಡಿನೋವು ನಿನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾನು ಎರಡು ಮಾತು ಆಡುವಷ್ಟರಲ್ಲಿ "ಸರಿ ಅವ್ವಾ, ಸರಿ ಅವ್ವಾ" ಎನ್ನುತ್ತೀ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಹೋದ ಭಾನುವಾರ ನೀನು ಎರಡು ವಿಷಯ ಹೇಳಿದೆ. ಒಂದನ್ನು ನಗುತ್ತಾ ಹೇಳಿದೆ: ಆಸ್ಪತ್ರೆಯಲ್ಲಿ ಯಾರೋ ಬಂದು ನಿಮಗೆಲ್ಲ ತರಬೇತಿ ಕೊಟ್ಟರಂತೆ, ಒಂದೊಂದು ಡೈರಿ ಹಂಚಿದರಂತೆ, ದಿನಾ ಮಲಗುವ ಮುಂಚೆ ಕೃತಜ್ಞತೆ ಎನಿಸಿದ ಮೂರು ಸಂಗತಿ ಬರೆಯಬೇಕಂತೆ. ಇನ್ನೊಂದನ್ನು ದನಿ ಇಳಿಸಿ ಹೇಳಿದೆ. ಹನ್ನೆರಡು ದಿನ ನೀನು ಹೊರಳಿಸಿ, ಒರೆಸಿ, ಊಟ ಮಾಡಿಸಿದ ಅಜ್ಜನಿಗೆ ಡಿಸ್ಚಾರ್ಜ್ ಆಯಿತು. ಅವರ ಮನೆಯವರು ಚಾಪೆ, ಫ್ಲಾಸ್ಕು, ಉಳಿದ ಬಿಸ್ಕತ್ತಿನ ಪೊಟ್ಟಣದವರೆಗೆ ಎಲ್ಲವನ್ನೂ ಗಂಟು ಕಟ್ಟಿಕೊಂಡು ಹೊರಟರು, ನಿನ್ನ ಕಡೆ ತಿರುಗಿಯೂ ನೋಡಲಿಲ್ಲ. "ಮೂರು ಬರೆಯಬೇಕಂತೆ ಅವ್ವಾ, ನನಗೆ ಒಂದೂ ಸಿಗಲಿಲ್ಲ" ಎಂದೆ. ಮೊದಲನೆಯದಕ್ಕೆ ನಾನೂ ನಕ್ಕೆ. ಎರಡನೆಯದಕ್ಕೆ ಏನು ಹೇಳಬೇಕೋ ತಿಳಿಯದೆ ಊಟ ಆಯಿತಾ ಎಂದು ಕೇಳಿದೆ. ಏನೂ ತೋಚದಿದ್ದಾಗ ತಾಯಂದಿರು ಕೇಳುವುದು ಅದನ್ನೇ.

ಆಮೇಲೆ ಒಂದು ಹುಚ್ಚು ಹತ್ತಿತು. ನಾನೇ ಒಂದು ವಾರ ಬರೆದು ನೋಡಿದರೆ ಹೇಗೆ ಎಂದುಕೊಂಡೆ. ನನ್ನ ಹತ್ತಿರ ಡೈರಿ ಎಲ್ಲಿಯದು? ಇರುವುದು ಲೆಕ್ಕದ ನೋಟುಬುಕ್ಕು. ಎಡಪುಟದಲ್ಲಿ ಜೀನ್ಸ್ ಘಟಕದಿಂದ ತಂದ ಬಂಡಲುಗಳು, ಬಲಪುಟದಲ್ಲಿ ದಾರ ಕತ್ತರಿಸಿ ಕೊಟ್ಟ ಪೀಸುಗಳು. ಕೊನೆಯ ಪುಟದಲ್ಲಿ ಕಿರಾಣಿ ಅಂಗಡಿಯ ಉದ್ದರಿ. ಖಾಲಿ ಜಾಗ ಇದ್ದದ್ದು ಆ ಉದ್ದರಿ ಪುಟದಲ್ಲಿ ಮಾತ್ರ. ಎರಡು ಕಿಲೋ ಶೇಂಗಾ, ಅರ್ಧ ಕಿಲೋ ಬೆಲ್ಲ ಎಂದಿದ್ದ ಕೆಳಗೆ ಗೆರೆ ಎಳೆದು ಶುರು ಮಾಡಿದೆ.

ಸೋಮವಾರ ಏನೂ ಬರೆಯಲಾಗಲಿಲ್ಲ. ಮಾರ್ಚ್ ಇನ್ನೂ ಮುಗಿದಿಲ್ಲ, ಆಗಲೇ ಗುಡ್ಡ ಕಾದು ರಾತ್ರಿಯೆಲ್ಲ ಝಳ ಬಿಡುತ್ತಿದೆ. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಎಂದು ನಿಮ್ಮಪ್ಪ ಹೇಳುವುದು ತಮಾಷೆಗೆ ಎಂದು ತಿಳಿಯಬೇಡ. ಕರೆಂಟು ಎರಡು ಸಲ ಹೋಯಿತು. ರೊಟ್ಟಿ ತಟ್ಟಲು ಕುಳಿತರೆ ಬೆರಳಿನ ನೀಲಿ ಬಣ್ಣ ಹೋಗದು, ನಿಂಬೆಹಣ್ಣು ತಿಕ್ಕಿದೆ, ಉಗುರುಸುತ್ತು ಉರಿಯಿತು. "ಆರೋಗ್ಯ" ಎಂದು ಬರೆದೆ, ಮಂಡಿ ನೆನಪಾಗಿ ಹೊಡೆದು ಹಾಕಿದೆ. "ಸೂರ್ಯ" ಎಂದು ಬರೆಯಲು ಈ ಊರಿನವಳಿಗೆ ಕೈ ಬರುವುದುಂಟೇ?

ಮಂಗಳವಾರ ರಾತ್ರಿ ನಳದ ನೀರು ಬಂತು. ಹತ್ತು ದಿನವಾಗಿತ್ತು. ಈಗ ರಂಜಾನ್ ತಿಂಗಳು, ಪಕ್ಕದ ಮನೆ ಖಾಲಾ ಸಹರಿಗೆಂದು, ಉಪವಾಸ ಶುರುವಾಗುವ ಮುಂಚಿನ ಊಟಕ್ಕೆ, ಮೂರೂವರೆಗೆ ಎದ್ದಿದ್ದಾರೆ. ನಳ ಗೊರಗೊರ ಎಂದದ್ದು ಕೇಳಿದ್ದಾರೆ. ನನ್ನ ಬಾಗಿಲು ಬಡಿದರೆ ನಾನು ಏಳಲೇ ಇಲ್ಲ, ಹಿಂದಿನ ದಿನ ಎಂಬತ್ತು ಪ್ಯಾಂಟು ಮುಗಿಸಿ ಸತ್ತಂತೆ ಮಲಗಿದ್ದೆ. ಬೆಳಗ್ಗೆ ಬಾಗಿಲು ತೆರೆದರೆ ನಮ್ಮ ಎರಡೂ ಬ್ಯಾರಲ್ಲು, ಆರು ಕೊಡ ತುಂಬಿ, ಮೇಲೆ ತಟ್ಟೆ ಮುಚ್ಚಿ ಕುಳಿತಿವೆ. ಆ ಹೆಂಗಸಿಗೆ ಅರವತ್ತೆರಡು ವರ್ಷ. ಆ ದಿನವೆಲ್ಲ ಅವರು ಒಂದು ಗುಟುಕು ನೀರು ಕುಡಿಯುವ ಹಾಗಿರಲಿಲ್ಲ, ನೋಡು. ತಮಗೆ ಸಂಜೆಯವರೆಗೆ ಮುಟ್ಟುವಂತಿಲ್ಲದ ನೀರನ್ನು ನನಗಾಗಿ ಹಿಡಿದಿಟ್ಟಿದ್ದರು.

ನಿನ್ನ ತರಬೇತಿಯವರ ಮಾತು ತಲೆಯಲ್ಲಿತ್ತಲ್ಲ, ಹೋಗಿ "ಥ್ಯಾಂಕ್ಸ್ ಖಾಲಾ" ಎಂದುಬಿಟ್ಟೆ. ಅವರ ಮುಖ ಸಣ್ಣಗಾಯಿತು. "ನಾನೇನು ಹೊರಗಿನವಳೇ?" ಎಂದರು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿದ್ದ ಊರು. ಈಗಲೂ ನಮ್ಮ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. ನಾವು ಒಗ್ಗರಣೆ ಎನ್ನುವ ಮಂಡಕ್ಕಿಯನ್ನು ಎದುರು ಮನೆಯವರು ಉಗ್ಗಾನಿ ಎನ್ನುತ್ತಾರೆ. ಇಷ್ಟೆಲ್ಲ ಮಾತು ಇದ್ದೂ, ಹತ್ತಿರದವರಿಗೆ ಹೇಳಲು ನಮಗೆ ಆ ಒಂದು ಮಾತು ಬಾಯಿಗೆ ಕೂರುವುದಿಲ್ಲ. ಧನ್ಯವಾದ ಎಂಬುದು ವೇದಿಕೆಯಲ್ಲಿ ಮೈಕು ಹಿಡಿದವರ ಮಾತು. ನಾನು ಸುಮ್ಮನೆ ಬಂದು, ಮೊನ್ನೆ ಅವರು ಖರ್ಜೂರ ಹಾಕಿ ಕೊಟ್ಟಿದ್ದ ಬಟ್ಟಲಿನಲ್ಲಿ ಪುಂಡಿಪಲ್ಯ ತುಂಬಿ ಸಂಜೆ ನಮಾಜಿನ ಹೊತ್ತಿಗೆ ಕೊಟ್ಟೆ. ಮುಖ ಅರಳಿತು.

ಅಂದು ರಾತ್ರಿ ಉದ್ದರಿ ಪುಟದಲ್ಲಿ "ಖಾಲಾ, ಎರಡು ಬ್ಯಾರಲ್ಲು ಆರು ಕೊಡ" ಎಂದು ಬರೆದೆ. ಬರೆದು ಮುಗಿಸಿದರೆ ಪೆನ್ನು ನಿಲ್ಲದು. ಈ ನೀರು ಖಾಲಾ ಮನೆಯ ಬಾವಿಯದಲ್ಲವಲ್ಲ. ತುಂಗಭದ್ರೆಯಿಂದ ಮೇಲ್ಮಟ್ಟದ ಕಾಲುವೆಯಲ್ಲಿ ಹರಿದು ಅಲ್ಲೀಪುರದ ಕೆರೆಯಲ್ಲಿ ನಿಂತು ಬಂದದ್ದು. 2024ರ ಆಗಸ್ಟ್ 10ರ ರಾತ್ರಿ ನೆನಪಿದೆಯೇ? ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಅಣೆಕಟ್ಟೆಯ ಭಾರ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ಕೂಡಿಟ್ಟ ನೀರು ಕಣ್ಣೆದುರೇ ಹೊಳೆಗೆ ಹೋಗುವುದನ್ನು ನಿಮ್ಮಪ್ಪ ಟಿ.ವಿ.ಯಲ್ಲಿ ನೋಡುತ್ತಾ ಮನೆಯಲ್ಲೇ ಯಾರೋ ತೀರಿಕೊಂಡವರ ಹಾಗೆ ಕುಳಿತಿದ್ದರು. ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರು ಬಂದರು. ಹರಿಯುವ ನೀರಿನಲ್ಲೇ ಕಬ್ಬಿಣದ ತಡೆಗಳನ್ನು ಒಂದರ ಮೇಲೊಂದು ಇಳಿಸಿ, ವಾರದೊಳಗೆ ಆ ಬಾಯಿ ಮುಚ್ಚಿಸಿದರು. ಅವರ ಹೆಸರು ಪತ್ರಿಕೆಯಲ್ಲಿ ಬಂತು. ಆ ಭೋರ್ಗರೆತದ ಮೇಲೆ ನಿಂತು ಹಗ್ಗ ಹಿಡಿದವರ, ವೆಲ್ಡಿಂಗ್ ಮಾಡಿದವರ ಹೆಸರು ನನಗೆ ಗೊತ್ತಿಲ್ಲ. ನಳದಲ್ಲಿ ನೀರು ಬಂದಾಗಲೆಲ್ಲ ಅವರನ್ನು ನೆನೆಯುತ್ತೇನೆ ಎಂದರೆ ಸುಳ್ಳಾಗುತ್ತದೆ. ಹತ್ತು ದಿನಕ್ಕೊಮ್ಮೆ ಬಿಡುವವರನ್ನು ಬೈಯುವುದರಲ್ಲೇ ಕೊಡ ತುಂಬಿರುತ್ತದೆ. ಈ ಸಲ ಬರೆದೆ: "19ನೇ ಗೇಟಿನವರು."

ಬುಧವಾರ ಕೂಲಿ ಕೊಟ್ಟರು, ಮೂರು ವಾರ ತಡವಾಗಿ. ಘಟಕದವರು ನೋಟು ಎಣಿಸಿ ಕೈಗಿಡುವಾಗ ನನ್ನ ಕೈ ತಾನಾಗಿ ಮುಗಿಯಲು ಹೋಯಿತು. ತಡೆದುಕೊಂಡೆ. ಇದನ್ನು ಉದ್ದರಿ ಪುಟದಲ್ಲಿ ಬರೆಯಲಿಲ್ಲ, ಬರೆಯುವುದೂ ಇಲ್ಲ. ನನ್ನ ಕಣ್ಣು ನೋಯಿಸಿಕೊಂಡು ಮಾಡಿದ ಕೆಲಸದ ದುಡ್ಡು ಅದು, ಅವರು ಕೊಟ್ಟ ದಾನವಲ್ಲ. ನಿನ್ನ ತರಬೇತಿಯವರು ಇದನ್ನು ಹೇಳಿದರೋ ಇಲ್ಲವೋ, ನಾನು ಹೇಳುತ್ತೇನೆ: ಸಂಬಳ ತಡ ಮಾಡಿ, ಎರಡು ಪಾಳಿ ಮಾಡಿಸಿ, ಕೊನೆಗೆ ಕೈಗೊಂದು ಡೈರಿ ಕೊಟ್ಟರೆ ಅದರಲ್ಲಿ ಮೊದಲು ನಿನ್ನ ಪಾಳಿಯ ಲೆಕ್ಕ ಬರೆ.

ಗುರುವಾರ ಮಿರ್ಚಿಯವನು ಒಂದು ಮಿರ್ಚಿ ಹೆಚ್ಚು ಹಾಕಿದ. ತಣ್ಣಗಾಗಿತ್ತು. ಅದಕ್ಕೇ ಹಾಕಿದ ಎಂದು ನಿಮ್ಮಪ್ಪನ ವಾದ. ಬರೆದೆ, ಆದರೆ ಸಣ್ಣ ಅಕ್ಷರದಲ್ಲಿ.

ಇನ್ನೊಬ್ಬರ ವಿಷಯ ಹೇಳಬೇಕು. ಗಂಡಸೋ ಹೆಂಗಸೋ ಗೊತ್ತಿಲ್ಲ. ನನಗೆ ಬರುವ ಪ್ಯಾಂಟುಗಳನ್ನು ಹೊಲಿಯುವವರು ಹತ್ತಾರು ಜನ, ಒಬ್ಬರನ್ನೂ ನಾನು ಕಂಡಿಲ್ಲ. ಆದರೆ ಪ್ಯಾಂಟನ್ನು ಒಳಮೈ ಹೊರಗೆ ಮಾಡಿದರೆ ಕೈ ಯಾರದು ಎಂದು ತಿಳಿಯುತ್ತದೆ. ಹೆಚ್ಚಿನವರು ಹೊಲಿಗೆ ಮುಗಿದಲ್ಲಿ ಗೇಣುದ್ದ ದಾರ ಬಿಟ್ಟು ಎಳೆದು ಕಡಿಯುತ್ತಾರೆ. ಅವರನ್ನು ಬೈಯಲಾಗದು, ಅವರಿಗೂ ಪೀಸಿನ ಲೆಕ್ಕ, ದಾರ ನೋಡುತ್ತಾ ಕುಳಿತರೆ ಅನ್ನ ಹುಟ್ಟದು. ಒಂದು ಪ್ಯಾಂಟಿನಲ್ಲಿ ಜೇಬಿನ ಮೂಲೆ, ಬೆಲ್ಟಿನ ಕುಣಿಕೆ, ಜಿಪ್ಪಿನ ಬುಡ, ಕಾಲಿನ ಮಡಿಕೆ, ಎಲ್ಲೆಲ್ಲೂ ದಾರ ನೇತಾಡುತ್ತಿರುತ್ತದೆ. ಈ ಒಬ್ಬರು ಮಾತ್ರ ಹಾಗಲ್ಲ. ಕೊನೆಯಲ್ಲಿ ಎರಡೇ ಎರಡು ಹೊಲಿಗೆ ಹಿಂದಕ್ಕೆ ಹಾಕಿ, ಬಟ್ಟೆಗೆ ಅಂಟಿದ ಹಾಗೆ ದಾರ ಕತ್ತರಿಸಿರುತ್ತಾರೆ. ಆ ಬಂಡಲು ಬಂದ ದಿನ ಅರ್ಧ ಹೊತ್ತಿಗೆ ನನ್ನ ಕೆಲಸ ಮುಗಿಯುತ್ತದೆ, ಕೂಲಿ ಅಷ್ಟೇ ಸಿಗುತ್ತದೆ. ಅವರಿಗೆ ಇದಕ್ಕೆ ಒಂದು ಪೈಸೆ ಹೆಚ್ಚಿಲ್ಲ. ಎಲ್ಲೋ ಇನ್ನೊಬ್ಬರು ಕುಳಿತು ಇದನ್ನು ಕತ್ತರಿಸಬೇಕಲ್ಲ ಎಂದು ಅವರಿಗೆ ತೋರಿದ್ದಿರಬೇಕು, ಅಥವಾ ಗುರು ಕಲಿಸಿದ ಹಾಗೆ ಕೈ ಓಡುತ್ತಿದ್ದಿರಬೇಕು. ಎರಡು ವರ್ಷದಿಂದ ಆ ಕೈ ನನಗೆ ಗೊತ್ತು. ಈ ಶುಕ್ರವಾರ ಬಂದ ಬಂಡಲಿನಲ್ಲಿ ಬಹಳ ದಿನದ ಮೇಲೆ ಅದೇ ಹೊಲಿಗೆ ಕಂಡಾಗ, ಮೈಗೆ ಹುಷಾರಿಲ್ಲದವರು ಎದ್ದು ಓಡಾಡುವುದನ್ನು ನೋಡಿದಷ್ಟು ಸಮಾಧಾನವಾಯಿತು. ಉಳಿದ ಅರ್ಧ ಹೊತ್ತಿನಲ್ಲಿ ಶೇಂಗಾ ಹುರಿದೆ. ಅದು ನಿನಗೆ ಬರುತ್ತಿದೆ.

ಶನಿವಾರ ರಾತ್ರಿ ಪುಟ ನೋಡಿದರೆ ಇನ್ನೂ ನಾಲ್ಕು ಗೆರೆಯ ಜಾಗ ಇತ್ತು. ಈ ವಾರದ್ದು ಮುಗಿದಿತ್ತು. ಆಗ ಇಪ್ಪತ್ತು ವರ್ಷದ ಹಳೆಯ ಬಾಕಿ ಒಂದು ನೆನಪಾಯಿತು.

ನಿನಗೆ ನಾಲ್ಕು ವರ್ಷ. ಜ್ವರ ಇಳಿಯದೆ ದೊಡ್ಡಾಸ್ಪತ್ರೆಗೆ ಸೇರಿಸಿದ್ದೆವು. ಒಂಬತ್ತು ರಾತ್ರಿ. ಒಬ್ಬ ಸಿಸ್ಟರ್ ಇದ್ದರು, ಗಿಡ್ಡಗೆ, ಎಡಗೈಯಲ್ಲಿ ಬರೆಯುತ್ತಿದ್ದರು. ನಿನ್ನ ಕೈಯಲ್ಲಿ ನರ ಸಿಗುತ್ತಿರಲಿಲ್ಲ. ಸಿಕ್ಕರೆ ನೀನು ಕೈ ಮಡಚಿ ಸೂಜಿ ಕೀಳುತ್ತಿದ್ದೆ. ಆಕೆ ಔಷಧಿಯ ಪೆಟ್ಟಿಗೆಯ ರಟ್ಟು ಕತ್ತರಿಸಿ, ಹತ್ತಿ ಸುತ್ತಿ, ನಿನ್ನ ಅಂಗೈ ಕೆಳಗಿಟ್ಟು ಕಟ್ಟಿದರು. ಅಷ್ಟು ಎಲ್ಲರೂ ಮಾಡುತ್ತಾರೆ ಎಂದು ನೀನು ಹೇಳುತ್ತೀ. ಆಕೆ ರಟ್ಟಿನ ಮೇಲೆ ಪೆನ್ನಿನಿಂದ ಒಂದು ಗಿಣಿ ಬರೆದು, "ಕೈ ಮಡಚಿದರೆ ಗಿಣಿಯ ಕುತ್ತಿಗೆ ಮುರಿಯುತ್ತದೆ" ಎಂದರು. ಮೂರು ದಿನ ನೀನು ಕೈ ಅಲ್ಲಾಡಿಸಲಿಲ್ಲ.

ಹತ್ತನೆಯ ದಿನ ಕಳಿಸಿದರು. ನಿಮ್ಮಪ್ಪ ಹೊರಗೆ ಆಟೋ ನಿಲ್ಲಿಸಿಕೊಂಡು ಕೂಗುತ್ತಿದ್ದರು. ನಾನು ಬಟ್ಟೆಗಂಟು ಕಂಕುಳಲ್ಲಿ, ನಿನ್ನನ್ನು ಹೆಗಲ ಮೇಲೆ ಹೊತ್ತು ಬಾಗಿಲಿಗೆ ಬಂದೆ. ಆ ಸಿಸ್ಟರ್ ಇನ್ನೊಂದು ಮಗುವಿನ ಹತ್ತಿರ ಬಗ್ಗಿದ್ದರು. ಬಾಯಿಗೆ ಮಾತು ಬಂತು, ನುಂಗಿಕೊಂಡೆ. ಏಕೆ ಗೊತ್ತೇ? ನಾವು ಯಾರ ಮನೆಯಿಂದ ಹೊರಟರೂ ಏನು ಹೇಳುತ್ತೇವೆ? "ಹೋಗಿ ಬರುತ್ತೇನೆ" ಎನ್ನುತ್ತೇವೆ. ಹೋಗುತ್ತೇನೆ ಎಂದಷ್ಟೇ ಹೇಳಿದರೆ ಅಪಶಕುನ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹೋಗಿ ಬರುತ್ತೇನೆ ಎನ್ನಲಾಗುತ್ತದೆಯೇ? ತಿರುಗಿ ನೋಡಬೇಡ, ನೋಡಿದರೆ ಮತ್ತೆ ಕರೆಯುತ್ತದೆ ಎಂದು ನಿನ್ನ ಅಜ್ಜಿ ಬೇರೆ ಹೇಳಿ ಕಳಿಸಿದ್ದಳು. ನಾನು ತಿರುಗದೆ, ಮಾತಾಡದೆ, ಕಳ್ಳಿಯ ಹಾಗೆ ಹೊರಗೆ ಬಂದೆ. ಆಕೆ ಏನು ಅಂದುಕೊಂಡರೋ. ಹೆಸರು ಕೂಡ ಕೇಳಿರಲಿಲ್ಲ. ಆ ಗಿಣಿಯ ರಟ್ಟನ್ನು ದೇವರ ಗೂಡಿನಲ್ಲಿ ಬಹಳ ವರ್ಷ ಇಟ್ಟಿದ್ದೆ. ಆಮೇಲೆ ಇಲಿ ತಿಂದಿತು.

ಆ ಅಜ್ಜನ ಮನೆಯವರು ಒಳ್ಳೆಯವರೋ ಕೆಟ್ಟವರೋ ನಾನು ಕಾಣೆ. ಬರೀ ಮರೆವಿನವರೂ ಇರಬಹುದು. ಆದರೆ ಗಂಟು ಹೊತ್ತು ತಿರುಗದೆ ಹೊರಟವಳೊಬ್ಬಳನ್ನು ನಾನು ಬಲ್ಲೆ, ಅದಕ್ಕೇ ಇಷ್ಟು ಬರೆದೆ. ಉದ್ದರಿ ಪುಟದಲ್ಲಿ ಉಳಿದ ನಾಲ್ಕು ಗೆರೆಯಲ್ಲಿ "ಎಡಗೈ ಸಿಸ್ಟರ್, ಗಿಣಿ" ಎಂದು ಬರೆದು ಬಿಟ್ಟಿದ್ದೇನೆ.

ಇನ್ನು ಪಾರ್ಸೆಲ್ ವಿಷಯ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಇಪ್ಪತ್ತು ಕಟಕ್ ಸಜ್ಜೆರೊಟ್ಟಿ ಇಟ್ಟಿದ್ದೇನೆ. ರಾತ್ರಿ ಪಾಳಿಯಲ್ಲಿ ನಿನ್ನ ಜೊತೆ ಇರುವ ಆ ಕೇರಳದ ಹುಡುಗಿಗೂ ಕೊಡು, ಖಾರ ಎಂದರೆ ಮೇಲೆ ಎಣ್ಣೆ ಹಾಕು. ಈ ಸಲ ಯುಗಾದಿ, ರಂಜಾನ್ ಹಬ್ಬ ಹಿಂದುಮುಂದೆ ಬಂದಿವೆ, ಎರಡು ದಿನ ರಜೆ ಕೇಳು. ಸ್ಟೀಲಿನ ದೊಡ್ಡ ಡಬ್ಬಿ ನಮ್ಮದಲ್ಲ, ಖಾಲಾ ಅವರದು. ಬರುವಾಗ ಖಾಲಿ ತರಬೇಡ, ಮೈಸೂರುಪಾಕು ತುಂಬಿಕೊಂಡು ಬಾ. ಅವರಿಗೆ ಹಲ್ಲಿಲ್ಲ, ಮೆತ್ತನೆಯದನ್ನೇ ನೋಡಿ ತೆಗೆದುಕೊ.

ನಿನ್ನ
ಅವ್ವ