ನೀರು ಬಿಡುವ ಹೊತ್ತು ಹೇಳಿ, ಸಾಕು

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಗೊರೂರು ಅಣೆಕಟ್ಟೆಯ ಲೆಕ್ಕ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಗರಿಷ್ಠ ಮಟ್ಟ 2922 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ನಮ್ಮ ಅತ್ತೆಗೆ ಅದನ್ನು ಓದದೆ ಕಾಫಿ ಇಳಿಯುವುದಿಲ್ಲ. ಓದಿ ಮುಗಿಸಿದ ಮೇಲೆ ಪ್ರತಿ ಸಲ ಒಂದೇ ಮಾತು: "ಹೊಳೇಲಿ ಎಷ್ಟೈತೆ ಅಂತ ಪೇಪರ್‌ನೋರು ಹೇಳ್ತಾರೆ, ನಮ್ಮ ನಲ್ಲೀಲಿ ಯಾವಾಗ ಬತ್ತದೆ ಅಂತ ಯಾರೂ ಹೇಳಲ್ವಲ್ಲ." ನಾನು ಬರೆಯುತ್ತಿರುವುದೂ ಅಷ್ಟಕ್ಕೇ.

ನಮ್ಮ ಮನೆ ಇರುವುದು ಹಾಸನದ ಅಂಚಿನಲ್ಲಿ, ಸಾಲಗಾಮೆ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿ. ನಾವು ಸೈಟ್ ತೆಗೆದುಕೊಂಡಾಗ ಸುತ್ತ ಆಲೂಗಡ್ಡೆ ಹೊಲ ಇತ್ತು, ಈಗ ಗೋಡೆಗೆ ಗೋಡೆ ತಾಗಿಸಿ ಮನೆಗಳು. ನಮ್ಮ ಬೀದಿ ಪೈಪ್‌ಲೈನಿನ ಕೊನೆಗಿದೆ, ಸಾಲದ್ದಕ್ಕೆ ದಿಬ್ಬದ ಮೇಲಿದೆ. ಕೆಳಗಿನ ಬೀದಿಗಳ ಸಂಪುಗಳೆಲ್ಲ ತುಂಬುವವರೆಗೆ ನಮಗೆ ನೀರು ಹತ್ತುವುದಿಲ್ಲ. ನಾಲ್ಕು ದಿನಕ್ಕೊಮ್ಮೆ, ಕೆಲವೊಮ್ಮೆ ಐದು ದಿನಕ್ಕೊಮ್ಮೆ ಬರುತ್ತದೆ. ರಾತ್ರಿ ಹನ್ನೊಂದಕ್ಕೂ ಬರಬಹುದು, ಬೆಳಗಿನ ಜಾವ ಮೂರಕ್ಕೂ ಬರಬಹುದು. ಬಂದರೆ ಒಂದು ಗಂಟೆ, ಜಾಸ್ತಿ ಅಂದರೆ ಒಂದೂವರೆ.

ಸಂಪಿನ ವಾಲ್ವ್ ತೆರೆದಿಟ್ಟು ಸುಮ್ನೆ ಮಲಗಬಹುದಲ್ವಾ ಎಂದು ಕೇಳುವವರಿದ್ದಾರೆ. ಮೊದಲ ಹತ್ತು ನಿಮಿಷ ಬರುವುದು ಕೆಂಪಗಿನ ಕೆಸರು ನೀರು ಸ್ವಾಮಿ. ಅದನ್ನು ಗಿಡಕ್ಕೆ ಬಿಟ್ಟು, ತಿಳಿಯಾದ ಮೇಲೆ ಸಂಪಿಗೆ ತಿರುಗಿಸಬೇಕು. ಒಂದು ಸಲ ತೆರೆದಿಟ್ಟು ಮಲಗಿ, ಬೆಳಿಗ್ಗೆ ಎದ್ದು ಸಂಪು ನೋಡಿ, ಅಷ್ಟೂ ನೀರು ಚರಂಡಿಗೆ ಸುರಿಸಿ ಒಳಗಿಳಿದು ತೊಳೆದಿದ್ದೇವೆ. ಆಮೇಲೆ ಆ ಧೈರ್ಯ ಮಾಡಿಲ್ಲ.

ಅದಕ್ಕೆ ಅತ್ತೆ ಒಂದು ಉಪಾಯ ಕಂಡುಹಿಡಿದರು. ಅಂಗಳದ ನಲ್ಲಿ ತಿರುಗಿಸಿಟ್ಟು, ಅದರ ಕೆಳಗೆ ಹಳೆಯ ಸ್ಟೀಲ್ ತಟ್ಟೆಯೊಂದನ್ನು ಬೋರಲು ಹಾಕುವುದು. ನೀರು ಬಿದ್ದರೆ ಟಣಟಣ ಸದ್ದು, ಅವರಿಗೆ ಎಚ್ಚರ, ಅವರಿಂದ ನನಗೆ ಎಚ್ಚರ. ಬೇಸಿಗೆಯಲ್ಲಿ ಚೆನ್ನಾಗಿಯೇ ನಡೆಯಿತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೋಡಿ, ಒಂದೇ ರಾತ್ರಿ ಮೂರು ಸಲ ಎದ್ದು ಕೊಡೆ ಹಿಡಿದು ಓಡಿದ್ದೇನೆ, ಮೂರು ಸಲವೂ ತಟ್ಟೆಯ ಮೇಲೆ ಬಿದ್ದಿದ್ದು ಮಳೆ ನೀರು, ನಲ್ಲಿಯಲ್ಲಿ ಬರೀ ಗಾಳಿ. ಅಣೆಕಟ್ಟೆ ತುಂಬುತ್ತಿದೆ ಎಂದು ಮಾರನೇ ದಿನ ನಿಮ್ಮ ಪತ್ರಿಕೆಯಲ್ಲಿ ಫೋಟೊ ಬಂದಿತ್ತು. ನಗು ಬಂತು, ಸಿಟ್ಟೂ ಬಂತು.

ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಎಂದು ಸರ್ಕಾರದವರೇ ಲೆಕ್ಕ ಇಟ್ಟಿದ್ದಾರೆ. ನಾವು ಐದು ಜನ, ಅಂದರೆ ದಿನಕ್ಕೆ 675 ಲೀಟರ್. ನಮ್ಮ ಸಂಪು ಹಿಡಿಯುವುದು 4000. ಐದು ದಿನ ಹೇಗೋ ತೂಗಿಸಬಹುದು. ನಿದ್ದೆಯಲ್ಲಿ ಒಂದು ಸರದಿ ತಪ್ಪಿತೋ, ಟ್ಯಾಂಕರ್‌ನವರಿಗೆ ಫೋನ್. ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಪಾತ್ರೆಗೆಲ್ಲ ಬಿಳಿ ಕಟ್ಟುತ್ತದೆ.

ನಿದ್ದೆ ಕೆಟ್ಟರೂ ಹೋಗಲಿ. ಎಲ್ಲರೂ ಒಟ್ಟಿಗೆ ಎಲ್ಲಿಗೂ ಹೋಗುವ ಹಾಗಿಲ್ಲ, ಅದು ನನಗೆ ಜಾಸ್ತಿ ಬೇಜಾರು. ಅರಕಲಗೂಡಿನಲ್ಲಿ ನಮ್ಮ ಅಣ್ಣನ ಮನೆ ಗೃಹಪ್ರವೇಶ ಇತ್ತು. ಹಿಂದಿನ ದಿನವೇ ಹೋಗಬೇಕು, ತಂಗಿ ಅಂದ ಮೇಲೆ ನಾನಿಲ್ಲದೆ ಆಗುತ್ತದೆಯೇ? ಆದರೆ ನೀರಿಗೆ ಯಾರು ಉಳಿಯುವುದು ಎಂದು ಮನೆಯಲ್ಲಿ ಎರಡು ದಿನ ಪಂಚಾಯಿತಿ. ನಮ್ಮ ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ರಜೆ ಹಾಕಿದ್ದು ಗೃಹಪ್ರವೇಶಕ್ಕೆ, ಉಳಿದಿದ್ದು ನೀರಿಗೆ. ಪಾಪ, ಎರಡು ರಾತ್ರಿ ಕಾದರು. ನೀರು ಬಂದಿದ್ದು ನಾವು ವಾಪಸ್ ಬಂದ ಮಾರನೇ ದಿನ. ಇವತ್ತಿಗೂ ಅಣ್ಣನ ಮನೆ ಫೋಟೊ ಆಲ್ಬಮ್ ತೆಗೆದರೆ ಅವರು ಎದ್ದು ಹೋಗಿ ಟಿವಿ ಹಾಕುತ್ತಾರೆ.

ದೀಪಾವಳಿ ಹೊತ್ತಿಗೆ ಇನ್ನೊಂದು. ಹಾಸನಾಂಬೆ ಬಾಗಿಲು ತೆರೆಯುವುದು ವರ್ಷಕ್ಕೊಂದೇ ಸಲ, ಆಗ ಊರಿನಿಂದ ನೆಂಟರು ಬರುತ್ತಾರೆ, ಬರಲೇಬೇಕು. 2023ರ ಜೂನ್‌ನಲ್ಲಿ ಬಸ್ ಫ್ರೀ ಆದ ಮೇಲಂತೂ ದೊಡ್ಡಮ್ಮ, ಚಿಕ್ಕಮ್ಮ ಎಲ್ಲರೂ ಬರುತ್ತಾರೆ, ನನಗೂ ಸಂತೋಷವೇ. ಆದರೆ ದರ್ಶನಕ್ಕೆ ಹೊರಟು ನಿಂತವರಿಗೆ "ಸ್ನಾನಕ್ಕೆ ಒಂದೇ ಬಕೆಟ್ ಸಾಕು ಅಲ್ವಾ" ಎಂದು ಹೇಳುವಾಗ ನಾಲಿಗೆ ಹೊರಳುವುದಿಲ್ಲ.

ತಪ್ಪು ಒಂದೇ ಕಡೆ ಇದೆ ಎಂದು ನಾನು ಹೇಳುವುದಿಲ್ಲ. ಪಂಪ್‌ಹೌಸ್‌ನಲ್ಲಿ ಕರೆಂಟ್ ಹೋದರೆ ಟ್ಯಾಂಕ್ ತುಂಬುವುದಿಲ್ಲ, ಅದು ಗೊತ್ತು. ನಲ್ಲಿಗೇ ಮೋಟಾರ್ ಜೋಡಿಸಿ ಎಳೆಯುವವರು ನಮ್ಮ ಬಡಾವಣೆಯಲ್ಲೇ ಇದ್ದಾರೆ, ನಾವೂ ಎರಡು ಸಲ ಎಳೆದಿದ್ದೇವೆ, ಪಕ್ಕದ ಮನೆಯವರ ಜತೆ ಜಗಳವಾಗಿ ಬಿಟ್ಟೆವು. ನೀರುಗಂಟಿಯನ್ನು ಬೈದೂ ಪ್ರಯೋಜನವಿಲ್ಲ. ಆತ ಒಬ್ಬನೇ ಬೈಕಿನಲ್ಲಿ ಬೀದಿ ಬೀದಿ ತಿರುಗಿ ವಾಲ್ವ್ ತಿರುಗಿಸಬೇಕು, ರಾತ್ರಿಯಿಡೀ ಎಲ್ಲರ ಫೋನ್ ಬೇರೆ. ಸಂಬಂಧಪಟ್ಟ ಕಚೇರಿಗೆ ಎರಡು ಅರ್ಜಿ ಕೊಟ್ಟಿದ್ದೇವೆ. ಸೀಲ್ ಹೊಡೆದು ಕೊಟ್ಟ ಸ್ವೀಕೃತಿ ನಮ್ಮ ಹತ್ತಿರ ಭದ್ರವಾಗಿದೆ.

ದಿನಾ ನೀರು ಕೊಡಿ ಎಂದು ನಾವು ಕೇಳುತ್ತಿಲ್ಲ. ಕರೆಂಟ್ ತೆಗೆಯುವ ಮೊದಲು "ನಾಳೆ ವಿದ್ಯುತ್ ವ್ಯತ್ಯಯ" ಎಂದು ಯಾವ ಬಡಾವಣೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂದು ನಿಮ್ಮ ಪತ್ರಿಕೆಯಲ್ಲೇ ಬರುತ್ತದೆ. ಅದನ್ನು ನೋಡಿ ನಾವು ದೋಸೆ ಹಿಟ್ಟು ಬೇಗ ರುಬ್ಬಿಕೊಳ್ಳುತ್ತೇವೆ. ನೀರಿಗೂ ಅಂಥದ್ದೇ ಒಂದು ಪಟ್ಟಿ ಆಗಲಿ. ಗಂಟೆ, ಎರಡು ಗಂಟೆ ಹೆಚ್ಚು ಕಡಿಮೆ ಆದರೂ ಪರವಾಗಿಲ್ಲ. ಕೆಟ್ಟು ನಿಂತರೆ "ಇವತ್ತು ಇಲ್ಲ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಹಾಕಲಿ, ಅದಕ್ಕೇನು ಖರ್ಚಿಲ್ಲ. ಕಚೇರಿಯವರು ಪಟ್ಟಿ ಕಳಿಸಿದರೆ ಅಣೆಕಟ್ಟೆ ಮಟ್ಟದ ಪಕ್ಕದಲ್ಲಿ ನಾಲ್ಕು ಸಾಲು ಜಾಗ ನೀವು ಕೊಡುತ್ತೀರಿ ಎಂದು ನಂಬಿದ್ದೇನೆ. ಅತ್ತೆ ಮೊದಲು ಓದುವುದು ಅದನ್ನೇ.

ಇವತ್ತು ನಮ್ಮ ಬೀದಿಗೆ ಆರನೇ ದಿನ.

ಇಂತಿ,
ಒಬ್ಬ ಗೃಹಿಣಿ, ಹಾಸನ